ನಾಲ್ಕನೆಯ ಕಲ್ಲು

ಇಸ್ಪೀಟಾಡುವವರನ್ನು ಕಂಡರೆ ನಮ್ಮ ತಾಯಿಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ತಮ್ಮನೊಬ್ಬ ಎಲೆ ಕಲಸುತ್ತ ಕೂತು ತನ್ನ ಮದುವೆಯ ಮುಹೂರ್ತವನ್ನೇ ತಪ್ಪಿಸಿಕೊಂಡಿದ್ದನಂತೆ. ಅಂಥ ತಾಯಿ ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು, "ಆ ಯಜಮಾನ್ರ ಜೊತೆ ಆಡೋದಾದ್ರೆ ಆಡು ಕಣೋ. ಬೇರೆ ಯಾರ ಜೊತೆ ಕೂತ್ರೂ ಕಾಲು ಮುರೀತೀನಿ" ಎಂದರು. ನನ್ನ ಬ್ರಿಜ್ ಜೀವನ ಶುರುವಾದದ್ದು ಆ ಅಪ್ಪಣೆಯಿಂದ.

ಯಜಮಾನರು ಎಂದರೆ ನಮ್ಮ ಆಫೀಸಿನ ಹಿರಿಯ ಸರ್ವೆಯರು. ಊರು ಹಿನಕಲ್, ಬೇಸಾಯದ ಮನೆತನ. ಅವರಿಗೂ ಒಂದು ಹೆಸರಿತ್ತು, ಆದರೆ ಆಫೀಸಿನಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ನಾನೂ ಬಳಸುವುದಿಲ್ಲ. ಹೋದ ತಿಂಗಳು ಹಿನಕಲ್ಲಿನಲ್ಲಿ ಅವರ ವೈಕುಂಠ ಸಮಾರಾಧನೆಯ ಊಟ ಮಾಡಿ ಬಂದೆ. ಅಲ್ಲಿ ಎಲ್ಲರೂ "ಒಳ್ಳೇ ಮನುಷ್ಯರು, ಒಳ್ಳೇ ಮನುಷ್ಯರು" ಎಂದು ನಿಟ್ಟುಸಿರು ಬಿಡುತ್ತಿದ್ದರು. ನನಗೆ ರೇಗಿತು. ಒಳ್ಳೆಯವರು ಊರ ತುಂಬ ಇದ್ದಾರೆ. ಇವರು ಗೆದ್ದವರು. ಅದನ್ನು ಯಾರೂ ಹೇಳಲಿಲ್ಲವಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ತಾಯಿಗೆ ಅವರ ಮೇಲೆ ಆ ನಂಬಿಕೆ ಬಂದದ್ದು ಜಗಳದಿಂದ. ಮೈಸೂರಿನ ಲಷ್ಕರ್ ಮೊಹಲ್ಲಾದ ನಮ್ಮ ಮನೆಯ ಹಿತ್ತಿಲ ಗೋಡೆಯ ವಿಷಯಕ್ಕೆ ಪಕ್ಕದ ಮನೆಯವರಿಗೂ ನಮ್ಮ ತಾಯಿಗೂ ಹಾವು ಮುಂಗುಸಿ. ಮಗ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದಾನೆ, ಅವನ ಹಿರಿಯರು ಬಂದು ಅಳೆದರೆ ನ್ಯಾಯ ನಮ್ಮ ಕಡೆಯೇ ಎಂದು ತಾಯಿ ಯಜಮಾನರಿಗೆ ಕಾಫಿ ಕೊಟ್ಟು, ಉಪ್ಪಿಟ್ಟು ಕೊಟ್ಟು, ಹಿತ್ತಿಲಿಗೆ ಕರೆದೊಯ್ದರು. ಯಜಮಾನರು ಪಕ್ಕದ ಮನೆಯವರನ್ನೂ ಕರೆಸಿ ನಿಲ್ಲಿಸಿಕೊಂಡು, ಎರಡು ಸಲ ಅಳೆದು, "ಅಮ್ಮಾ, ನಿಮ್ಮ ಗೋಡೇನೇ ಒಂದು ಗೇಣು ಆಚೆಗೈತೆ" ಎಂದರು. ತಾಯಿ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಎಂಟನೆಯ ದಿನ ಗಾರೆಯವನನ್ನು ಕರೆಸಿ ಗೋಡೆ ಒಡೆಸಿ ಒಂದು ಗೇಣು ಹಿಂದಕ್ಕೆ ಕಟ್ಟಿಸಿದರು. "ಉಪ್ಪಿಟ್ಟು ತಿಂದೂ ಸುಳ್ಳು ಹೇಳ್ಲಿಲ್ಲ ನೋಡು" ಎಂದು ಆಮೇಲೆ ಬೀದಿಗೆಲ್ಲ ಹೇಳಿಕೊಂಡು ಬಂದವರೂ ಅವರೇ.

ಕಪ್ಪು ಟೋಪಿ, ಮಾಸಿದ ಕೋಟು, ಕಚ್ಚೆಪಂಚೆ, ಸೈಕಲ್ಲು. ಬಾಯಲ್ಲಿ ಸದಾ ಎಲೆಯಡಿಕೆ. ಎಲ್ಲಿ ನಡೆದರೂ ಹೆಜ್ಜೆ ಎಣಿಸುವ ಅಭ್ಯಾಸ. ಚಿಕ್ಕ ಗಡಿಯಾರದಿಂದ ನಮ್ಮ ಮನೆಗೆ ಎಷ್ಟು ಹೆಜ್ಜೆ ಎಂದು ನನಗೆ ಹೇಳಿದ್ದರು. ಒಮ್ಮೆ ಹಟಕ್ಕೆ ಬಿದ್ದು ನಾನೂ ಎಣಿಸಿದೆ, ನಾಲ್ಕು ಹೆಜ್ಜೆ ಹೆಚ್ಚು ಬಂತು. "ಸಂತೇಲಿ ಬಳಸ್ಕೊಂಡು ಹೋಗಿದ್ದೀಯ ಬುಡು" ಎಂದರು. ನಿಜ, ಒಂದು ಎತ್ತಿನಗಾಡಿ ಅಡ್ಡ ಬಂದಿತ್ತು.

ಹಿನಕಲ್ಲಿನ ಸರ್ವೆಯರಿಗೆ ಬ್ರಿಜ್ ಹೇಗೆ ಬಂತು ಎಂದರೆ, ಯುದ್ಧದ ಕಾಲದಲ್ಲಿ ಸರ್ವೆ ಕ್ಯಾಂಪಿನಲ್ಲಿ ಮೂವರು ಆಫೀಸರುಗಳಿಗೆ ನಾಲ್ಕನೆಯ ಕೈ ಸಿಗದೆ ಇವರನ್ನು ಡೇರೆಯೊಳಕ್ಕೆ ಕರೆದು ಕೂರಿಸಿಕೊಂಡರಂತೆ. ಮೂರು ತಿಂಗಳಲ್ಲಿ ಇವರು ಆ ಮೂವರನ್ನೂ ಸೋಲಿಸುತ್ತಿದ್ದರು. ಮೈಸೂರಿಗೆ ಬಂದ ಮೇಲೆ ಒಂದು ಕ್ಲಬ್ಬಿಗೆ ಸೇರಿದರು. ಅವರ ಜೊತೆ ಆಡುತ್ತಿದ್ದವರಿಗೆ ಶಿವಮೊಗ್ಗಕ್ಕೆ ವರ್ಗವಾದಾಗ ಆ ಜಾಗಕ್ಕೆ ನಾನು ಬಂದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಮೂಗಿನ ತುದಿಯಲ್ಲಿ ಕೋಪ.

ಬ್ರಿಜ್ ಗೊತ್ತಿಲ್ಲದವರಿಗಾಗಿ ಎರಡು ಮಾತು. ಎದುರುಬದುರು ಕೂತವರು ಒಂದು ಜೋಡಿ, ಹೀಗೆ ಎರಡು ಜೋಡಿ. ತಲೆಗೆ ಹದಿಮೂರು ಎಲೆ. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಪಟ್ಟು, ಒಟ್ಟು ಹದಿಮೂರು ಪಟ್ಟು. ಆಟಕ್ಕೆ ಮುಂಚೆ ಹರಾಜಿನ ಹಾಗೆ ಕೂಗಬೇಕು, ಇಂಥ ಜಾತಿ ತುರುಪಾದರೆ ಇಷ್ಟು ಪಟ್ಟು ಹೊಡೆಯುತ್ತೇವೆ ಎಂದು. ಮೊದಲ ಆರು ಪಟ್ಟು ಕೂಗಿನ ಲೆಕ್ಕಕ್ಕಿಲ್ಲ, ಒಂದು ಎಂದು ಕೂಗಿದರೆ ಏಳು ಪಟ್ಟು, ಆರು ಎಂದರೆ ಹನ್ನೆರಡು; ಉಳಿದವರು ಪಾಸ್ ಎಂದರೆ ಕೊನೆಯ ಕೂಗೇ ನಿಲ್ಲುತ್ತದೆ. ಹನ್ನೆರಡು ಪಟ್ಟಿನ ಕೂಗಿಗೆ ಸ್ಲ್ಯಾಮ್ ಎಂದು ಹೆಸರು. ಅದನ್ನು ಕೂಗಿ ಹೊಡೆದರೆ ಮೀಸೆ ತಿರುವಬಹುದು, ಕೂಗಿ ಬಿದ್ದರೆ ಮುಖ ಮುಚ್ಚಿಕೊಳ್ಳಬೇಕು. ಕಷ್ಟವೇನೆಂದರೆ ನಿಮ್ಮ ಜೋಡಿಯ ಕೈಯಲ್ಲಿ ಏನಿದೆ ಎಂದು ನಿಮಗೆ ಕಾಣುವುದಿಲ್ಲ, ಕೂಗಿನಿಂದಲೇ ತಿಳಿಯಬೇಕು.

ನಮ್ಮ ಮೊದಲ ತಿಂಗಳಲ್ಲೇ ನಾನು ಮಾಡಿದ ಘನಕಾರ್ಯವನ್ನು ಕ್ಲಬ್ಬಿನಲ್ಲಿ ಇವತ್ತಿಗೂ ಹೇಳಿ ನಗುತ್ತಾರೆ. ಎದುರು ಜೋಡಿ ಒಬ್ಬ ನಿವೃತ್ತ ಎಂಜಿನಿಯರ್ ಸಾಹೇಬರು ಮತ್ತು ಅವರ ಸ್ನೇಹಿತ ವಕೀಲರು. ಯಜಮಾನರು "ಒಂದು ಇಸ್ಪೀಟು" ಎಂದರು. ನನ್ನ ಕೈಯಲ್ಲಿ ಇಸ್ಪೀಟು ಚೆನ್ನಾಗಿತ್ತು, "ಮೂರು ಇಸ್ಪೀಟು" ಎಂದೆ. ತುರುಪು ಯಾವುದೆಂದು ತೀರ್ಮಾನವಾಯಿತಲ್ಲ, ಇನ್ನೇನು ಎಂದುಕೊಳ್ಳುವಾಗ ಯಜಮಾನರು "ನಾಲ್ಕು ಕಳಾವರ" ಎಂದುಬಿಟ್ಟರು. ನನ್ನ ಕೈಯಲ್ಲಿ ಕಳಾವರ ಎರಡೇ ಎರಡು, ಅವೂ ಚಿಲ್ಲರೆ. ಆದರೆ ಹಿರಿಯರು ಕಳಾವರವೇ ಬೇಕು ಎಂದ ಮೇಲೆ ಮೀರಲು ನಾನ್ಯಾರು? ವಿನಯದಿಂದ "ಪಾಸ್" ಎಂದೆ. ಅವರ ಕೈಯಲ್ಲಿ ಕಳಾವರದ್ದು ಎಕ್ಕ ಒಂದೇ, ಒಂಟಿಯಾಗಿ. ಇಬ್ಬರ ಕೈ ಸೇರಿಸಿದರೆ ಮೂರು ಎಲೆ, ಅದೇ ತುರುಪು! ಎದುರಾಳಿಗಳ ಕೈಯಲ್ಲಿ ಹತ್ತು. ಸಾಹೇಬರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಸ್ಪೀಟಿನಲ್ಲಿ ಆಡಿದ್ದರೆ ಹನ್ನೆರಡು ಪಟ್ಟು ನಮ್ಮದಾಗುತ್ತಿತ್ತು. ಯಜಮಾನರು ಮಾತ್ರ ಹದಿಮೂರು ಎಲೆಯನ್ನೂ ಅಷ್ಟೇ ಗಂಭೀರವಾಗಿ ಆಡಿ ಮುಗಿಸಿ, ಹೆಗಲ ಟವಲಿನಿಂದ ಮೇಜು ಒರೆಸಿದರು.

ಹೊರಗೆ ಬಂದ ಮೇಲೆ ಬೈಯುತ್ತಾರೆ ಎಂದು ಕಾದೆ. "ತಪ್ಪು ನಂದು ಕಣೋ" ಎಂದರು. "ನಕ್ಷೆ ಕೊಡ್ದೆ ಕಲ್ಲು ತೋರುಸ್ಬುಟ್ಟೆ. ಭಾನುವಾರ ಬಾ."

ಭಾನುವಾರ ಕರೆದುಕೊಂಡು ಹೋದದ್ದು ಇಸ್ಪೀಟಿಗಲ್ಲ, ಹಿನಕಲ್ಲಿನ ಆಚೆ ಒಂದು ಹೊಲಕ್ಕೆ. ಬಿಸಿಲಲ್ಲಿ ನಿಲ್ಲಿಸಿ ಒಂದು ಮೂಲೆಯ ಗಡಿಕಲ್ಲು ತೋರಿಸಿದರು. ಎರಡನೆಯ ಮೂಲೆ, ಮೂರನೆಯ ಮೂಲೆ. ನಾಲ್ಕನೆಯದರಲ್ಲಿ ಕಳ್ಳಿ ಬೆಳೆದಿತ್ತು, ಕಲ್ಲಿರಲಿಲ್ಲ.

"ಈ ಹೊಲ ಎಂಗೈತೆ?"

"ಚೆನ್ನಾಗಿದೆ. ಮಣ್ಣು ಒಳ್ಳೇದು" ಎಂದೆ.

"ಮಣ್ಣು ಚಿನ್ನ. ಆದ್ರೆ ಇದರ ಮೇಲೆ ಒಂಬತ್ತು ವರ್ಷದಿಂದ ಕೋರ್ಟಲ್ಲಿ ಅಲೀತವ್ರೆ. ಮೂರು ಕಲ್ಲಿದ್ದು ನಾಲ್ಕನೇದು ಇಲ್ದಿದ್ರೆ ಅದು ಜಮೀನಲ್ಲ ಕಣೋ, ಕೇಸು."

ಆಮೇಲೆ ಬದುವಿನ ಮೇಲೆ ಕೂತು ವಿವರಿಸಿದರು. ಇಸ್ಪೀಟೆಲೆಗೂ ನಾಲ್ಕು ಮೂಲೆ: ಕಳಾವರ, ಡೈಮನ್, ಆಟೀನು, ಇಸ್ಪೀಟು, ಕೂಗು ಏರುವುದೂ ಇದೇ ಸಾಲಿನಲ್ಲಿ. ಸ್ಲ್ಯಾಮ್ ಕೂಗಿದವನು ಒಂದೇ ಒಂದು ಪಟ್ಟು ಬಿಡಬಹುದು. ಕೈಯಲ್ಲಿ ರಾಜ ರಾಣಿಯರ ದರ್ಬಾರೇ ಇದ್ದರೂ ಒಂದು ಜಾತಿಯಲ್ಲಿ ಕಾವಲಿಲ್ಲದಿದ್ದರೆ ಎದುರಾಳಿ ಅಲ್ಲಿಂದಲೇ ನುಗ್ಗಿ ಮೊದಲೆರಡು ಪಟ್ಟು ಎತ್ತಿಬಿಡುತ್ತಾನೆ. ಕಾವಲು ಎಂದರೆ ಆ ಜಾತಿಯ ಎಕ್ಕ, ಅಥವಾ ಆ ಜಾತಿಯ ಎಲೆಯೇ ಇಲ್ಲದಿರುವುದು, ಏಕೆಂದರೆ ಎಲೆ ಇಲ್ಲದಿದ್ದರೆ ಮೊದಲ ಸಲವೇ ತುರುಪು ಹೊಡೆಯಬಹುದು. ಆದ್ದರಿಂದ ತುರುಪು ತೀರ್ಮಾನವಾದ ಮೇಲೆ ಬೇರೆ ಜಾತಿ ಕೂಗಿದರೆ, ಅದು ಆ ಜಾತಿ ಬೇಕೆಂದಲ್ಲ, ಅಲ್ಲಿ ನನ್ನ ಕಲ್ಲಿದೆ ಎಂದು. ಒಂದು ಜಾತಿಯನ್ನು ಹಾರಿಸಿ ಮುಂದೆ ಹೋದರೆ ಅಲ್ಲಿ ನನ್ನ ಕಲ್ಲಿಲ್ಲ ಎಂದು. ಪುಸ್ತಕದಲ್ಲಿ ಇದಕ್ಕೆ ಕ್ಯೂ ಬಿಡ್ ಎನ್ನುತ್ತಾರೆ. ಯಜಮಾನರು ಕಲ್ಲು ತೋರಿಸುವುದು ಎನ್ನುತ್ತಿದ್ದರು.

"ಇಲ್ದೇ ಇರೋ ಕಲ್ಲನ್ನ ಐತೆ ಅಂತ ಮಾತ್ರ ಅನ್ಬೇಡ. ನಾನೂ ಅನ್ನಲ್ಲ. ಅಷ್ಟಿದ್ರೆ ಸಾಕು" ಎಂದರು.

ಅಷ್ಟೇ ಸಾಕಾಯಿತು. ಮುಂದಿನ ಎರಡು ವರ್ಷ ನಾವು ಹೊಡೆದ ಸ್ಲ್ಯಾಮುಗಳಿಗೆ ಕ್ಲಬ್ಬಿನ ಗೋಡೆ ಅದುರಿತು. ಬೇರೆಯವರು ದೊಡ್ಡ ಎಲೆ ಎಣಿಸಿ ಧೈರ್ಯ ಸಾಲದೆ ನಿಲ್ಲುವ ಕಡೆ ನಾವು ನಾಲ್ಕು ಕಲ್ಲು ಎಣಿಸಿ ದಾಟುತ್ತಿದ್ದೆವು. ದೊಡ್ಡ ಎಲೆ ಬೇಕಾದಷ್ಟಿದ್ದಾಗ, ಕಲ್ಲು ಕಡಿಮೆಯಾಯಿತೆಂದು ಕೆಳಗೇ ನಿಂತು ಬಚಾವಾಗುತ್ತಿದ್ದೆವು. ನನಗೆ ಕಾಲು ನೆಲದ ಮೇಲಿರಲಿಲ್ಲ. ಗೆದ್ದಾಗಲೆಲ್ಲ ನಾನು ಮೇಜು ಗುದ್ದುತ್ತಿದ್ದೆ, ಯಜಮಾನರು ಒರೆಸುತ್ತಿದ್ದರು.

ಎರಡನೆಯ ವರ್ಷದ ಕೊನೆಗೆ ಊರಿನ ಜೋಡಿಗಳ ಪಂದ್ಯದಲ್ಲಿ ಫೈನಲ್ಲಿಗೆ ಬಂದೆವು. ಎದುರಿಗೆ ಮತ್ತೆ ಎಂಜಿನಿಯರ್ ಸಾಹೇಬರು, ವಕೀಲರು. ಫೈನಲ್ಲಿಗೆ ಎರಡು ವಾರವಿರುವಾಗ ಸಾಹೇಬರು ಹಾಲಿನಲ್ಲಿ ಎಲ್ಲರೆದುರು ಹೇಳಿಬಿಟ್ಟರು.

"ದೊಡ್ಡ ಎಲೆ ಇಷ್ಟು ಕಮ್ಮಿ ಇದ್ದೂ ಇಷ್ಟು ಸ್ಲ್ಯಾಮು ಹೇಗ್ರೀ ಬರುತ್ತೆ? ನಾನು ಒಂದು ತಿಂಗಳಿಂದ ನೋಡ್ತಾ ಇದ್ದೀನಿ. ಅವರ ಎಲೆಯಡಿಕೆ ಬಲದವಡೇಲಿದ್ರೆ ಆಟೀನು, ಎಡದವಡೇಲಿದ್ರೆ ಇಸ್ಪೀಟು. ಆ ಹುಡುಗ ಎಲೆ ನೋಡೋದೇ ಇಲ್ಲ, ಅವರ ಕೆನ್ನೆ ನೋಡ್ತಾನೆ."

ಕೆಲವರು ನಕ್ಕರು. ಕೆಲವರು ನಗಲಿಲ್ಲ, ಅದು ಇನ್ನೂ ಕೆಟ್ಟದ್ದು. ನಾನು ಕುರ್ಚಿ ಒದ್ದು ಎದ್ದೆ. ಯಜಮಾನರು ನನ್ನ ಅಂಗಿಯ ತುದಿ ಹಿಡಿದು ಕೂರಿಸಿದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಅದು ಆಟದ ಮಾತಾಗಿ ಉಳಿದಿದ್ದರೆ ಚಿಂತೆಯಿರಲಿಲ್ಲ. ನಾಲ್ಕೇ ದಿನಕ್ಕೆ ಆಫೀಸಿಗೆ ಒಬ್ಬ ರೈತ ಬಂದ. ಅಣ್ಣತಮ್ಮಂದಿರ ಹಿಸ್ಸೆಗೆ ಅಳತೆಯಾಗಬೇಕಿತ್ತು, ಯಜಮಾನರೇ ಹೋಗಬೇಕಿತ್ತು. ಅವನು ತಲೆ ತಗ್ಗಿಸಿಕೊಂಡು, "ಸ್ವಾಮಿ, ತಪ್ಪು ತಿಳ್ಕೋಬ್ಯಾಡಿ. ಏನೋ ಸನ್ನೆ ಗಿನ್ನೆ ಅಂತ ಮಾತಾಡ್ತಾವ್ರೆ. ನನ್ ತಮ್ಮ ಒಪ್ತಿಲ್ಲ. ಬ್ಯಾರೆಯವ್ರ ಕೈಲಿ ಅಳೆಸ್ಬುಡಿ" ಎಂದ. ಯಜಮಾನರು "ಆಗ್ಲಿ ಬುಡಪ್ಪ" ಎಂದು, ಆ ದಿನಕ್ಕೆಂದು ತೆಗೆದಿಟ್ಟಿದ್ದ ಅಳತೆಯ ಸರಪಣಿಯನ್ನು ಕೊಂಡಿ ಕೊಂಡಿಯಾಗಿ ಮಡಚಿ ಒಳಗಿಟ್ಟರು. ಮೂವತ್ತು ವರ್ಷ ಹಿಡಿದ ಸರಪಣಿ. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅದೇ ಸಂಜೆ ಯಜಮಾನರು ನನ್ನನ್ನು ಕರೆದುಕೊಂಡು ಕ್ಲಬ್ಬಿನ ಕಾರ್ಯದರ್ಶಿಗಳ ಬಳಿ ಹೋದರು.

"ಫೈನಲ್ ದಿನ ನನ್ ಬಾಯಿ ಖಾಲಿ ಇರ್ತದೆ. ನನಗೂ ಇವನಿಗೂ ಮಧ್ಯೆ ಒಂದು ಪರದೆ ಕಟ್ಟಿ. ನಾವು ಕೂಗೋದನ್ನ ನೀವೇ ಒಂದೇ ದನೀಲಿ ತಿರುಗಿ ಹೇಳಿ, ನಮ್ ದನಿ ಏರಿಳಿತದ ಮೇಲೂ ಅನುಮಾನ ಬ್ಯಾಡ. ಇನ್ನು ಇದು" ಎಂದು ಕೋಟಿನ ಜೇಬಿನಿಂದ ಒಂದು ಹಾಳೆ ತೆಗೆದರು. ನಮ್ಮ ಪ್ರತಿಯೊಂದು ಕೂಗಿನ ಅರ್ಥವನ್ನೂ ದುಂಡು ಅಕ್ಷರದಲ್ಲಿ ಬರೆದಿದ್ದರು. "ಇದನ್ನ ಅವರಿಗೆ ಈಗ್ಲೇ ಕೊಟ್ಬುಡಿ. ಆಡೋವಾಗ ಯಾವ ಕೂಗಿನ ಅರ್ಥ ಕೇಳಿದ್ರೂ ಓದಿ ಹೇಳಿ."

ನಾನು ಬಾಯಿ ಬಿಟ್ಟೆ. "ಯಜಮಾನ್ರೇ, ನಮ್ಮ ಗುಟ್ಟೆಲ್ಲ ಅವರಿಗೆ ಗೊತ್ತಾದ್ರೆ ನಾವು ಗೆಲ್ಲೋದು ಹೇಗೆ?"

"ಗಡಿಕಲ್ಲು ಪಕ್ಕದ ಜಮೀನ್ನೋನಿಗೂ ಕಾಣ್ಬೇಕು ಕಣೋ. ನಮಗೆ ಮಾತ್ರ ಕಂಡ್ರೆ ಅದು ಕಲ್ಲೇ ಅಲ್ಲ" ಎಂದರು.

ಕ್ಲಬ್ಬಿನಲ್ಲಿ ಅಷ್ಟು ಉದ್ದದ ಪರದೆ ಇರಲಿಲ್ಲ. ಮನೆಗೆ ಬಂದು ತಾಯಿಯ ಮುಂದೆ ಗೊಣಗಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. "ಆ ಮನುಷ್ಯ ಮೋಸಗಾರ ಅಂತ ಆದ್ರೆ ನನ್ನ ಗೋಡೆ ವಾಪಸ್ ಒಂದು ಗೇಣು ಮುಂದಕ್ಕೆ ಕಟ್ಟಿಸ್ತೀನಿ" ಎಂದು ಪೆಟ್ಟಿಗೆ ತೆಗೆದು, ಹಸಿರು ಒಂಬತ್ತು ಗಜದ ಸೀರೆಯನ್ನು ನನ್ನ ಮಡಿಲಿಗೆ ಹಾಕಿದರು. "ತಗೊಂಡ್ಹೋಗು. ಇಸ್ಪೀಟಿನ ಮೈಲಿಗೆ ಆಮೇಲೆ ಒಗೆದ್ರಾಯ್ತು."

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಕ್ಲಬ್ಬಿನ ಹಾಲಿನಲ್ಲಿ ನಮ್ಮ ತಾಯಿಯ ಸೀರೆ ಮೇಜಿನ ಮೇಲೆ ಓರೆಯಾಗಿ ತೂಗಿತು. ಒಂದು ಕಡೆ ನಾನು ಮತ್ತು ವಕೀಲರು, ಆ ಕಡೆ ಯಜಮಾನರು ಮತ್ತು ಅವರ ಎಡಕ್ಕೆ ಸಾಹೇಬರು. ಸೀರೆಯ ಕೊನೆಯಲ್ಲಿ, ಎರಡೂ ಕಡೆ ಕಾಣುವಂತೆ, ಕಾರ್ಯದರ್ಶಿಗಳು ನಿಂತಿದ್ದರು, ಕೈಯಲ್ಲಿ ಯಜಮಾನರ ಹಾಳೆಯ ಒಂದು ಪ್ರತಿ. ಗೋಡೆಗುಂಟ ಜನ. ಆ ರೈತನೂ ಅವನ ತಮ್ಮನೂ ಬಾಗಿಲಲ್ಲಿ ನಿಂತಿದ್ದರು. ಹಿನಕಲ್ಲಿನಿಂದಲೂ ಏಳೆಂಟು ಜನ ಬಂದಿದ್ದರು. ಬ್ರಿಜ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ, ಯಜಮಾನರ ಮಾತು ನಿಲ್ಲುತ್ತದೋ ಇಲ್ಲವೋ ಎಂದು ನೋಡಲು ಬಂದವರು.

ಇಪ್ಪತ್ತನಾಲ್ಕು ಆಟ. ಇಪ್ಪತ್ತಮೂರು ಮುಗಿದವು. ಅಂಕಗಳಲ್ಲಿ ಕೂದಲೆಳೆಯಷ್ಟು ನಾವು ಹಿಂದೆ. ಆದರೆ ನನ್ನ ಸಂಕಟ ಅದಲ್ಲ. ಇಷ್ಟು ಹೊತ್ತಾದರೂ ಒಂದು ಸ್ಲ್ಯಾಮಿನ ಎಲೆಯೂ ಬಂದಿರಲಿಲ್ಲ. ಗೋಡೆಯ ಬಳಿ ಯಾರೋ, "ಎಲೆಯಡಿಕೆ ಇಲ್ದೆ ಮಂತ್ರ ನಿಂತ್ಹೋಯ್ತು" ಎಂದದ್ದು ನನ್ನ ಕಿವಿಗೆ ಬಿತ್ತು. ಹೀಗೇ ಎದ್ದರೆ ನಾವು ಗೆದ್ದರೂ ಸೋತಂತೆ. ಪರದೆ ಬಂತು, ಸ್ಲ್ಯಾಮು ಹೋಯಿತು ಎಂದು ಊರು ಸಾಯುವ ತನಕ ಹೇಳುತ್ತದೆ.

ಕೊನೆಯ ಆಟದ ಎಲೆ ಎತ್ತಿಕೊಂಡೆ. ಕಳಾವರದ ಎಕ್ಕ, ಆಟೀನು ನಾಲ್ಕು, ಡೈಮನ್ ಒಂದೂ ಇಲ್ಲ. ಉಳಿದದ್ದು ಸಾಧಾರಣ. ಸೀರೆಯ ತುದಿಯಿಂದ ಕಾರ್ಯದರ್ಶಿಗಳ ಸಪ್ಪೆ ದನಿ ಬಂತು: "ಒಂದು ಆಟೀನು."

ನಾನು "ಮೂರು ಆಟೀನು" ಎಂದೆ. ತುರುಪು ಗಟ್ಟಿಯಾಯಿತು.

"ಮೂರು ಇಸ್ಪೀಟು." ಇಸ್ಪೀಟಿನ ಕಲ್ಲು ಅವರ ಹತ್ತಿರವಿದೆ.

"ನಾಲ್ಕು ಕಳಾವರ" ಎಂದೆ. ಕಳಾವರದ್ದು ನನ್ನ ಹತ್ತಿರ.

ಈಗ ಡೈಮನ್ ಸರದಿ. ಸಾಹೇಬರು ಪಾಸ್ ಎಂದರೆ ಯಜಮಾನರು... ಅಲ್ಲ, ಯಜಮಾನರು ಮೊದಲು. ಬರೆಯುವಾಗಲೂ ತಡವರಿಸುತ್ತೇನೆ, ಅವತ್ತು ಹೇಗಿದ್ದೆನೋ ನೋಡಿ. ಕಾರ್ಯದರ್ಶಿಗಳು ಹೇಳಿದರು: "ನಾಲ್ಕು ಆಟೀನು."

ಡೈಮನ್ ಹಾರಿಸಿಬಿಟ್ಟರು. ಅಲ್ಲಿ ಅವರ ಕಲ್ಲಿಲ್ಲ. ಇಲ್ಲಿಗೆ ಸಾಕು ಎನ್ನುವ ಹಾಗಿನ ಕೂಗು ಅದು. ಮೊದಲಾಗಿದ್ದರೆ ಅವರ ಮುಖ ನೋಡಿ ಧೈರ್ಯ ತಂದುಕೊಳ್ಳುತ್ತಿದ್ದೆ. ಈಗ ಕಣ್ಣ ಮುಂದೆ ಇದ್ದದ್ದು ತಾಯಿಯ ಸೀರೆಯ ಅಂಚು. ಎರಡು ವರ್ಷದ ಹಿಂದಿನ ಆ 'ಪಾಸ್' ನಾಲಿಗೆಯ ತುದಿಗೆ ಬಂದು ಕೂತಿತು. ಹಿಂದೆಯೇ ಇನ್ನೊಂದು ದುರ್ಬುದ್ಧಿ: ಏನಾದರಾಗಲಿ, ಜನರ ಬಾಯಿ ಮುಚ್ಚಿಸಲು ನೇರ ಆರಕ್ಕೆ ಹಾರಿಬಿಡಲೇ? ಬಿಸಿಲಲ್ಲಿ ನಿಂತ ಹೊಲ ನೆನಪಾಯಿತು. ಎಣಿಸಿದೆ. ಇಸ್ಪೀಟು ಅವರದು. ಕಳಾವರ ನನ್ನದು. ಆಟೀನು ತುರುಪು, ಅವರೇ ಮೊದಲು ಕೂಗಿದ್ದು. ನಾಲ್ಕನೆಯ ಮೂಲೆಯಲ್ಲಿ ಅವರಿಗೆ ಕಳ್ಳಿ ಕಾಣುತ್ತಿದೆ, ಆದರೆ ಕಲ್ಲಿರುವುದು ನನ್ನ ಕೈಯಲ್ಲಿ. ಅದನ್ನು ತೋರಿಸಬೇಕಾದವನು ನಾನೇ. ಹಾರುವುದು ಬೇಡ, ತೋರಿಸಿದರೆ ಸಾಕು.

"ಐದು ಡೈಮನ್" ಎಂದೆ. ದನಿ ಹೊರಟಿತೋ ಇಲ್ಲವೋ, ಕಾರ್ಯದರ್ಶಿಗಳಿಗೆ ಎರಡು ಸಲ ಹೇಳಬೇಕಾಯಿತು.

ಅವರು ಅದನ್ನು ಆಚೆಗೆ ತಿರುಗಿ ಹೇಳಿದರು. ಆಮೇಲೆ: "ಆರು ಆಟೀನು."

ಸಾಹೇಬರು ತಡೆದು ಕೇಳಿದರು. "ಆ ಐದು ಡೈಮನ್ ಅಂದ್ರೇನು?"

ಕಾರ್ಯದರ್ಶಿಗಳು ಹಾಳೆ ಓದಿದರು. "ಆ ಜಾತಿಯ ಎಕ್ಕವಿದೆ, ಇಲ್ಲವೇ ಆ ಜಾತಿಯ ಒಂದೆಲೆಯೂ ಇಲ್ಲ."

ಸಾಹೇಬರು ಹೆಹ್ಹೆ ಎಂದು ನಕ್ಕರು. ಡೈಮನ್ ಎಕ್ಕ ಅವರ ಕೈಯಲ್ಲೇ ಕೂತಿತ್ತು. ಓದಿದ್ದರಲ್ಲಿ ಮೊದಲರ್ಧವನ್ನು ಮಾತ್ರ ಅವರ ಕಿವಿ ಇಟ್ಟುಕೊಂಡಿತ್ತು. ಹುಡುಗ ಇಲ್ಲದ ಕಲ್ಲನ್ನು ಇದೆ ಎಂದು ಸಿಕ್ಕಿಬಿದ್ದ ಎಂದುಕೊಂಡರು. "ಡಬಲ್!" ಎಂದು ಮೇಜು ಕುಟ್ಟಿದರು. ನೀವು ಖಂಡಿತ ಬೀಳುತ್ತೀರಿ ಎಂದು ಅದರ ಅರ್ಥ. ನನಗೆ ತಡೆಯಲಾಗಲಿಲ್ಲ. ಹೊಡೆದೇ ಹೊಡೆಯುತ್ತೇವೆ ಎಂಬ ಮರುಸವಾಲಾಗಿ "ರೀಡಬಲ್!" ಎಂದು ನಾನೂ ಕುಟ್ಟಿದೆ.

ಸಾಹೇಬರು ಡೈಮನ್ ಎಕ್ಕವನ್ನು ಎತ್ತಿ, ಎಲ್ಲರಿಗೂ ಕಾಣುವಂತೆ ಮೇಜಿನ ಮಧ್ಯಕ್ಕೆ ಇಳಿಸಿದರು. ಕಾರ್ಯದರ್ಶಿಗಳು ಸೀರೆ ಸರಿಸಿದರು. ಯಜಮಾನರ ಮುಖ ಕಂಡಿತು, ಬಾಯಿ ಖಾಲಿಯಾಗಿದ್ದು ಕೆನ್ನೆ ಒಳಗೆ ಹೋಗಿ ಬೇರೆ ಯಾರೋ ಎನಿಸಿತು. ನಿಯಮದಂತೆ ನಾನು ನನ್ನ ಹದಿಮೂರು ಎಲೆಯನ್ನೂ ಬಿಚ್ಚಿ ಹರಡಿದೆ. ಮೂರು ಸಾಲು. ಸಾಹೇಬರು ಬಗ್ಗಿ ನೋಡಿದರು.

"ಡೈಮನ್ ಎಲ್ರೀ?"

"ಇಲ್ಲ ಸಾರ್" ಎಂದೆ.

ಯಜಮಾನರು ನನ್ನ ಎಲೆಗಳಿಂದ ಆಟೀನಿನ ಒಂದು ಚಿಕ್ಕ ಎಲೆಯನ್ನು ಬೆರಳಿನಿಂದ ಮುಂದಕ್ಕೆ ಸರಿಸಿದರು. ತುರುಪು. ಎಕ್ಕ ಸತ್ತಿತು. ಆಮೇಲಿನದು ಅವರಿಗೆ ಹೊಲ ಅಳೆದ ಹಾಗೆ. ಒಂದೊಂದೇ ಪಟ್ಟು, ಅವಸರವಿಲ್ಲ. ಹನ್ನೆರಡನೆಯದು ಬಂದಾಗ ಹಿನಕಲ್ಲಿನವರು ಏನೂ ತಿಳಿಯದಿದ್ದರೂ ನಮ್ಮ ಮುಖ ನೋಡಿ ಹೋ ಎಂದು ಕೂಗಿದರು, ಕ್ಲಬ್ಬಿನ ಹಾಲಿನಲ್ಲಿ ಅಂಥ ಕೂಗು ಅದಕ್ಕೆ ಮುಂಚೆ ಕೇಳಿರಲಿಲ್ಲ. ನಾನು ಮೇಜು ಗುದ್ದಿದೆ, ಕುರ್ಚಿ ಬೀಳಿಸಿದೆ, ವಕೀಲರನ್ನೇ ತಬ್ಬಿಕೊಂಡೆ. ಯಜಮಾನರು ಟವಲು ತೆಗೆದು ಮೇಜು ಒರೆಸಿದರು. ಒರೆಸುತ್ತ ನನ್ನ ಕಡೆ ಬಾಗಿ, "ಆ ರೀಡಬಲ್ ಬೇಕಾಗಿರ್ಲಿಲ್ಲ ಕಣೋ. ಕಲ್ಲಿದ್ದ ಮೇಲೆ ಕೂಗಾಟ ಯಾಕೆ?" ಎಂದರು. ಎರಡು ವರ್ಷದಲ್ಲಿ ಅವರು ನನ್ನನ್ನು ಬೈದದ್ದು ಅದೊಂದೇ ಸಲ.

ಸಾಹೇಬರು ಆ ಹಾಳೆಯನ್ನು ಇಸಿದುಕೊಂಡು ಈ ಸಲ ಪೂರ್ತಿ ಓದಿದರು. ದೊಡ್ಡ ಮನುಷ್ಯರೇ, ಸುಮ್ಮನೆ ಹೇಳಬಾರದು. ಎದ್ದುಹೋಗಿ ಕ್ಲಬ್ಬಿನ ಎಲೆಯಡಿಕೆಯ ತಟ್ಟೆಯನ್ನು ತಾವೇ ಎರಡೂ ಕೈಯಲ್ಲಿ ಹಿಡಿದು ತಂದು ಯಜಮಾನರ ಮುಂದೆ ಚಾಚಿದರು. "ನಾನು ಆಡಬಾರದ ಮಾತಾಡಿದೆ" ಎಂದು ಎಲ್ಲರಿಗೂ ಕೇಳುವಂತೆ ಅಂದರು.

ಯಜಮಾನರು ನಿಧಾನವಾಗಿ ಎಲೆಗೆ ಸುಣ್ಣ ಹಚ್ಚಿ, ಅಡಿಕೆಯಿಟ್ಟು ಮಡಚಿ, ಬಾಯಿಯ ಹತ್ತಿರ ತಂದು ನಿಲ್ಲಿಸಿದರು.

"ಯಾವ ದವಡೆಗೆ ಹಾಕ್ಕೊಳ್ಳಲಿ ಸ್ವಾಮಿ?"

ಹಾಲಿಗೆ ಹಾಲೇ ನಕ್ಕಿತು. ಮೊದಲು ನಕ್ಕವರು ಸಾಹೇಬರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗು ನಿಂತ ಮೇಲೆ, "ಯಜಮಾನ್ರೇ, ಶ್ರೀರಾಂಪುರದ ಹತ್ರ ನಂದೊಂದು ಜಮೀನಿದೆ. ಪಕ್ಕದವನ ಜೊತೆ ಗಡಿ ತಕರಾರು. ಅಳೆಯೋಕೆ ನೀವೇ ಬರಬೇಕು" ಎಂದರು. ಬಾಗಿಲಲ್ಲಿದ್ದ ಆ ರೈತ ತಮ್ಮನ ಮುಖ ನೋಡಿದ. ತಮ್ಮ ತಲೆಯಾಡಿಸಿದ. "ಸ್ವಾಮಿ, ಮೊದ್ಲು ನಮ್ದು" ಎಂದು ಅಲ್ಲಿಂದಲೇ ಕೂಗಿದ.

ಯಜಮಾನರು ಎಲೆಯನ್ನು ಬಾಯಿಗಿಟ್ಟುಕೊಂಡು ಟೋಪಿ ಸರಿಮಾಡಿಕೊಂಡರು.

"ಇಬ್ಬರ ಹತ್ರಾನೂ ಬರ್ತೀನಿ" ಎಂದರು. "ಪಕ್ಕದ ಜಮೀನ್ನೋರನ್ನೂ ಕರೆಸಿರಿ. ಅವರು ಬಂದು ನಿಂತ್ಕೊಂಡ್ ಮೇಲೇನೇ ನಾನು ಸರಪಣಿ ಬಿಚ್ಚೋದು."